ಪ್ರಕಾಶಕರ ಡಿಜಿಟಲ್ ಗೇಮ್ ಮಳಿಗೆಗಳು: ಗೇಮರ್‌ಗಳ ಅಪನಂಬಿಕೆಯ ಇತಿಹಾಸ

ಕಂಪ್ಯೂಟರ್ ಗೇಮ್ ತಯಾರಿಸುವ ಅಥವಾ ಪ್ರಕಟಿಸುವ ಸಂಸ್ಥೆಗಳು ತಾವೇ ನಡೆಸುವ ಆನ್‌ಲೈನ್ ಮಳಿಗೆಗಳಿಗೂ ಅವು ಹೇರಿದ ಖಾತೆ, ಡೌನ್‌ಲೋಡ್ ನಿಯಮಗಳಿಗೂ ಗೇಮರ್‌ಗಳಿಂದ 2003ರಿಂದೀಚೆಗೆ ವಿರೋಧ ಬರುತ್ತಲೇ ಇದೆ. ಇದರ ಚರಿತ್ರೆಯಲ್ಲಿ ಮೂರು ಸಂಗತಿಗಳು ಸುಲಭವಾಗಿ ಕಲಸಿಹೋಗುತ್ತವೆ: ನಕಲು ತಡೆಯುವ ತಂತ್ರಾಂಶ, ಆಡುವಷ್ಟು ಹೊತ್ತೂ ಇಂಟರ್ನೆಟ್ ಬೇಕೆನ್ನುವ ನಿಯಮ, ಮಳಿಗೆಯ ಖಾತೆ. ಉದಾಹರಣೆಗೆ, 2008ರಲ್ಲಿ ‘ಸ್ಪೋರ್’ ಗೇಮ್ ಸುತ್ತ ಎದ್ದ ವಿವಾದ ಮೊದಲನೆಯ ಬಗೆಯದು. ಅದಕ್ಕೂ ಮಳಿಗೆಗೂ ನೇರ ನಂಟಿಲ್ಲ.

ಆರಂಭ

ಅಮೆರಿಕದ ವಾಲ್ವ್ ಸಂಸ್ಥೆ 2003ರ ಸೆಪ್ಟೆಂಬರ್ 12ರಂದು ‘ಸ್ಟೀಮ್’ ತೆರೆಯಿತು. ಮೊದಲಿಗೆ ಅದರ ಮುಖ್ಯ ಕೆಲಸ ‘ಕೌಂಟರ್-ಸ್ಟ್ರೈಕ್’ನಂಥ ಗೇಮ್‌ಗಳಿಗೆ ಅಪ್‌ಡೇಟ್ ಒದಗಿಸುವುದಾಗಿತ್ತು. 2004ರ ನವೆಂಬರ್ 16ರಂದು ‘ಹಾಫ್-ಲೈಫ್ 2’ ಬಂದಾಗ ಅಸಮಾಧಾನ ಭುಗಿಲೆದ್ದಿತು. ಅಂಗಡಿಯಲ್ಲಿ ಡಿಸ್ಕ್ ಕೊಂಡವರೂ ಸ್ಟೀಮ್ ಖಾತೆ ತೆರೆದು, ಇಂಟರ್ನೆಟ್ ಮೂಲಕ ಗೇಮ್‌ನ ಬೀಗ ತೆಗೆಸಿಕೊಳ್ಳಬೇಕಿತ್ತು. ಮೊದಲ ದಿನ ಸರ್ವರ್‌ಗಳು ಒತ್ತಡ ತಾಳದೆ ಹೋದವು. ಪೂರ್ತಿ ಬೆಲೆ ತೆತ್ತವರು ಡಿಸ್ಕ್ ಕೈಯಲ್ಲಿದ್ದೂ ಕಾಯಬೇಕಾಯಿತು.

ಸ್ಟೀಮ್ ಹುಟ್ಟಿದ್ದು ನಕಲು ತಡೆಯಲೆಂದಷ್ಟೇ ಅಲ್ಲ. ವಾಲ್ವ್‌ನ ಡಿಸ್ಕ್‌ಗಳನ್ನು ಮಾರುತ್ತಿದ್ದ ವಿವೆಂಡಿ ಸಂಸ್ಥೆಗೂ ವಾಲ್ವ್‌ಗೂ ಸೈಬರ್ ಕೆಫೆಗಳಲ್ಲಿನ ಹಂಚಿಕೆ ಹಕ್ಕಿನ ಮೇಲೆ 2002ರಿಂದ ಮೊಕದ್ದಮೆ ನಡೆದಿತ್ತು. ಅದು 2005ರಲ್ಲಿ ರಾಜಿಯಲ್ಲಿ ಮುಗಿಯಿತು. ಪ್ರಕಾಶಕರನ್ನು ದಾಟಿ ನೇರವಾಗಿ ಗ್ರಾಹಕರನ್ನು ತಲುಪುವ ದಾರಿ ವಾಲ್ವ್‌ಗೆ ಸ್ಟೀಮ್‌ನಿಂದ ಸಿಕ್ಕಿತು.

ಮರುಮಾರಾಟದ ಪ್ರಶ್ನೆ

ಖಾತೆಗೆ ಅಂಟಿಕೊಂಡ ಗೇಮನ್ನು ಇನ್ನೊಬ್ಬರಿಗೆ ಮಾರಬಹುದೇ? ಯುರೋಪಿನ ನ್ಯಾಯಾಲಯಗಳ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ‘ಹಾಫ್-ಲೈಫ್ 2’ ಕುರಿತು ಗ್ರಾಹಕ ಸಂಘಟನೆಯೊಂದು ಹೂಡಿದ ದಾವೆಯಲ್ಲಿ ಜರ್ಮನಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯ 2010ರ ಫೆಬ್ರವರಿಯಲ್ಲಿ ವಾಲ್ವ್ ಪರ ನಿಂತಿತು. ಡಿಸ್ಕ್ ಮಾರುವುದಕ್ಕೆ ತಡೆಯಿಲ್ಲ. ಆದರೆ ಖಾತೆ ವರ್ಗಾಯಿಸಬಾರದೆಂಬ ಷರತ್ತೂ ಸಿಂಧು ಎಂದಿತು. ಅಂದರೆ ಎರಡನೆಯ ಕೈಗೆ ಹೋದ ಡಿಸ್ಕ್ ಬಹುಮಟ್ಟಿಗೆ ನಿರುಪಯೋಗಿ. 2012ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ‘ಯೂಸ್ಡ್‌ಸಾಫ್ಟ್’ ಪ್ರಕರಣದಲ್ಲಿ, ಶಾಶ್ವತ ಪರವಾನಗಿಯಿರುವ ಡೌನ್‌ಲೋಡ್ ತಂತ್ರಾಂಶವನ್ನೂ ಮರುಮಾರಾಟ ಮಾಡಬಹುದೆಂದಿತು. ಅದನ್ನು ನೆಚ್ಚಿ ಪ್ಯಾರಿಸ್‌ನ ನ್ಯಾಯಾಲಯ 2019ರಲ್ಲಿ ಸ್ಟೀಮ್ ಬಳಕೆದಾರರ ಪರ ತೀರ್ಪಿತ್ತಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಗೇಮ್ ಎಂದರೆ ಬರೀ ತಂತ್ರಾಂಶವಲ್ಲ, ಚಿತ್ರ, ಸಂಗೀತ, ಕಥೆ ಸೇರಿದ ಕೃತಿ ಎಂಬುದು ಅದರ ವಾದ.

ಮಳಿಗೆಗಳ ಪೈಪೋಟಿ

ಈ ನಡುವೆ ಸದಾ ಇಂಟರ್ನೆಟ್ ಬೇಕೆನ್ನುವ ನಿಯಮವೂ ಬಂತು: 2010ರಲ್ಲಿ ಪ್ರಕಾಶನ ಸಂಸ್ಥೆ ಯೂಬಿಸಾಫ್ಟ್‌ನ ‘ಅಸ್ಯಾಸಿನ್ಸ್ ಕ್ರೀಡ್ 2’, ಒಬ್ಬರೇ ಆಡುವ ಗೇಮ್ ಆಗಿದ್ದೂ, ಸಂಪರ್ಕ ಕಡಿದರೆ ನಿಂತುಹೋಗುತ್ತಿತ್ತು. 2011ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ (ಇಎ) ಸಂಸ್ಥೆ ‘ಒರಿಜಿನ್’ ಎಂಬ ತನ್ನದೇ ಮಳಿಗೆ ತಂದು, ‘ಬ್ಯಾಟಲ್‌ಫೀಲ್ಡ್ 3’ಕ್ಕೆ ಅದನ್ನು ಕಡ್ಡಾಯ ಮಾಡಿತು. ಒರಿಜಿನ್ ಕಂಪ್ಯೂಟರಿನೊಳಗೆ ಇಣುಕುತ್ತದೆಂಬ ದೂರು ಜರ್ಮನಿಯಲ್ಲಿ ಎದ್ದಾಗ ಇಎ ಆರೋಪ ನಿರಾಕರಿಸಿತಾದರೂ ಒಪ್ಪಂದದ ಮಾತುಗಳನ್ನು ತಿದ್ದಿತು. ಇಎಯ 2013ರ ಗೇಮ್ ‘ಸಿಮ್‌ಸಿಟಿ’ಯ ಲೆಕ್ಕಾಚಾರ ಸರ್ವರಿನಲ್ಲೇ ನಡೆಯುವುದರಿಂದ ಸಂಪರ್ಕ ಅನಿವಾರ್ಯ ಎನ್ನಲಾಗಿತ್ತು. ಆದರೆ ಒಂದೇ ವರ್ಷದಲ್ಲಿ ಆಫ್‌ಲೈನ್ ಆವೃತ್ತಿ ಬಂತು. 2018ರಲ್ಲಿ ಗೇಮ್ ತಯಾರಿಸುವ ಎಪಿಕ್ ಸಂಸ್ಥೆಯೂ ತನ್ನ ಮಳಿಗೆ ತೆರೆಯಿತು. ಒರಿಜಿನ್ ತಂದ ಮೇಲೆ ಸ್ಟೀಮ್‌ನಿಂದ ದೂರ ಸರಿದಿದ್ದ ಇಎ 2019ರಲ್ಲಿ ಅಲ್ಲಿಗೆ ಮರಳಿತು.

2024ರ ನಂತರ

ಯೂಬಿಸಾಫ್ಟ್ 2024ರ ಮಾರ್ಚ್ 31ರಂದು ‘ದ ಕ್ರೂ’ ಗೇಮ್‌ನ ಸರ್ವರ್ ನಿಲ್ಲಿಸಿತು. ಹಣ ಕೊಟ್ಟು ಕೊಂಡವರಿಗೆ ಒಬ್ಬರೇ ಆಡುವುದಕ್ಕೂ ದಾರಿ ಉಳಿಯಲಿಲ್ಲ. ಇದಕ್ಕೆ ಪ್ರತಿಯಾಗಿ ಯೂಟ್ಯೂಬರ್ ರಾಸ್ ಸ್ಕಾಟ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಆರಂಭಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡಿತು: ಮಾರುತ್ತಿರುವುದು ಪರವಾನಗಿ ಮಾತ್ರವಾದರೆ ಮಳಿಗೆ ಅದನ್ನು ಸ್ಪಷ್ಟವಾಗಿ ಹೇಳಬೇಕು. ಡೌನ್‌ಲೋಡ್ ಮಾಡಿಟ್ಟುಕೊಂಡು ಶಾಶ್ವತವಾಗಿ ಆಫ್‌ಲೈನ್ ಬಳಸಬಹುದಾದವುಗಳಿಗೆ ವಿನಾಯಿತಿಯಿದೆ. ಸ್ಟೀಮ್‌ನ ಪಾವತಿ ಪುಟದಲ್ಲಿ ಈ ಸೂಚನೆ ಆಗಲೇ ಕಾಣಿಸಿಕೊಂಡಿತು. ಚಳವಳಿಯ ಬೇಡಿಕೆ ಇದಕ್ಕಿಂತ ದೊಡ್ಡದು: ಸರ್ವರ್ ಮುಚ್ಚುವಾಗ ಗೇಮನ್ನು ಆಡಬಲ್ಲ ಸ್ಥಿತಿಯಲ್ಲಿ ಬಿಟ್ಟುಹೋಗಬೇಕು. ಇದೇ ಬೇಡಿಕೆಯ ಯುರೋಪಿಯನ್ ನಾಗರಿಕ ಮನವಿ 2025ರ ಜುಲೈನಲ್ಲಿ 10 ಲಕ್ಷ ಸಹಿ ದಾಟಿತು.