ಅಕ್ಷರಗುಂಡಿನ ನೆರೆಹೊರೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ದೊರೆತ ಅಶೋಕನ ಶಾಸನಗಳನ್ನು 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಇದನ್ನು ನಾನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತೇನೆ. ಹೇಳಿದ ಮೇಲೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ರೈಸರ ಕಣ್ಣಿಗೆ ಬೀಳುವ ಮೊದಲೇ ಆ ಬಂಡೆಗಳಿಗೆ ಹೆಸರಿದ್ದವು. ಬ್ರಹ್ಮಗಿರಿಯದು ಹಳ್ಳಿಗರ ಬಾಯಲ್ಲಿ ‘ಅಕ್ಷರಗುಂಡು’. ಅದಕ್ಕೆ ಔಷಧಿಯ ಗುಣವುಂಟೆಂಬ ನಂಬಿಕೆಯೂ ಇತ್ತು. ಸಿದ್ದಾಪುರದ್ದು ಎಮ್ಮೆ ಕಾಯುವ ತಿಮ್ಮಯ್ಯನ ಹೆಸರಿನದು. ಜಟಿಂಗರಾಮೇಶ್ವರದ್ದು ‘ಬಳೆಗಾರರ ಗುಂಡು’. ವರ್ಷದ ಜಾತ್ರೆಯಲ್ಲಿ ಬಳೆಗಾರರು ಅಲ್ಲಿಯೇ ಅಂಗಡಿ ಹೂಡುತ್ತಿದ್ದರಂತೆ. ಅಲ್ಲಿಯ ಅಕ್ಷರಗಳು ಬಹಳ ಸವೆದಿವೆ. ಶಾಸನಪ್ರಿಯರಿಗೆ ಇದು ಸಂಕಟದ ವಿಷಯ, ನಿಜ. ಆದರೆ ಓದಲು ಬಾರದ ಬರಹವನ್ನು ಬರಹವೆಂದೇ ಗುರುತಿಸಿ, ಅದಕ್ಕೊಂದು ಹೆಸರಿಟ್ಟು ತಲೆಮಾರುಗಳವರೆಗೆ ಕರೆದುಕೊಂಡು ಬಂದವರಿಗೂ ಇತಿಹಾಸದಲ್ಲಿ ಒಂದು ಸ್ಥಾನ ಬೇಡವೆ?

ಈ ನೆಲಕ್ಕೆ ಹೊರಗಿನವರು ಬರುವುದು ಹೊಸತಲ್ಲ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆಜ್ಞೆಯನ್ನು ಕಳುಹಿಸುವಾಗ ಮೊದಲು ಅವರ ಆರೋಗ್ಯವನ್ನು ಹಾರೈಸಿದ್ದಾರೆ; ತಂದೆತಾಯಿಗಳಿಗೆ ವಿಧೇಯರಾಗಿರುವುದು, ಸತ್ಯ ನುಡಿಯುವುದು ಮೊದಲಾದ ಧರ್ಮದ ಮಾತು ಆಮೇಲೆ. ಶಾಸನವನ್ನು ಬರೆದ ಚಪಡನೆಂಬವನು ಕೊನೆಯಲ್ಲಿ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮೂರು! ನಮ್ಮ ಕಾಲಕ್ಕೆ ಡಾ. ಎಂ. ಎಚ್. ಕೃಷ್ಣ ಬಂದು ಅಗೆದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಕಲ್ಲುಕೊಡಲಿಯ ಜನರ, ಕಲ್ಲುಗೋರಿಯ ಜನರ ನೆಲೆಗಳು ಒಂದರ ಮೇಲೊಂದಾಗಿ ಕಾಣಿಸಿಕೊಂಡವು.

ಈಗ ಬರುವವರು ಪ್ರವಾಸಿಗಳು. ಕಾರಿನಿಂದಿಳಿದು, ಬಂಡೆಯನ್ನು ನೋಡಿ, ಕಟ್ಟಿಕೊಂಡು ಬಂದ ಬುತ್ತಿಯನ್ನು ಉಂಡು ಹೊರಟುಬಿಡುತ್ತಾರೆ. ಊರಿಗೆ ಉಳಿಯುವುದು ಧೂಳು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದನ್ನು ನೇಯುವ ಮಗ್ಗ ಹತ್ತಿರದಲ್ಲಿಯೇ ಇದೆಯೆಂಬುದನ್ನು ಅವರಿಗೆ ಹೇಳುವವರಿಲ್ಲ. ಆಫ್ರಿಕದ ಉಗಾಂಡದಲ್ಲಿ ಕಿಬಾಲೆ ಕಾಡಿನ ಅಂಚಿಗೆ ಬಿಗೋಡಿ ಎಂಬ ಹಳ್ಳಿಯಿದೆ. ಅಲ್ಲಿಯ ಜನ 1992ರಲ್ಲಿ ತಾವೇ ಒಂದು ಸಂಘ ಕಟ್ಟಿಕೊಂಡರು. ಜೌಗುನೆಲದ ಹಕ್ಕಿಗಳನ್ನೂ ಕೋತಿಗಳನ್ನೂ ತೋರಿಸುವವರು ಊರಿನವರೇ. ಬಂದ ಹಣದಲ್ಲಿ ಶಾಲೆಗೂ ಪಾಲಿದೆ. ಅಕ್ಷರಗುಂಡಿನ ಕಥೆಯನ್ನು ಊರಿನ ಹುಡುಗನೊಬ್ಬ ಹೇಳಿ ಕೂಲಿ ಪಡೆದರೆ ಅಶೋಕನ ಗೌರವಕ್ಕೇನೂ ಕುಂದಿಲ್ಲ.

ಆದರೆ ಎಲ್ಲವನ್ನೂ ತೋರಿಕೆಗಿಡಬೇಕೆಂಬ ಉತ್ಸಾಹಿಗಳನ್ನು ಕಂಡರೆ ನನಗೆ ಅಂಜಿಕೆ. ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಊರ ಹೊರಗಿರಿಸುತ್ತಿದ್ದ ಪದ್ಧತಿ ಪೂರಾ ಅಳಿದಿಲ್ಲ. ಅದು ಸಂಸ್ಕೃತಿಯೆಂದು ಕ್ಯಾಮೆರಾ ಹಿಡಿಯುವುದು ಅನಾಗರಿಕತೆ. ಏನನ್ನು ತೋರಿಸಬೇಕು, ಏನನ್ನು ಬಿಡಬೇಕು, ಏನನ್ನು ತಿದ್ದಿಕೊಳ್ಳಬೇಕು ಎಂಬುದನ್ನು ಹಟ್ಟಿಯವರು, ಮುಖ್ಯವಾಗಿ ಹಟ್ಟಿಯ ಹೆಂಗಸರು, ನಿಶ್ಚಯಿಸಲಿ.

ಚಳ್ಳಕೆರೆಯ ಕಡೆ ಕಂಬಳಿಯಷ್ಟೇ ಹೆಸರಾದದ್ದು ಮ್ಯಾಸಬೇಡರ ದೇವರ ಎತ್ತು. ನೇಗಿಲಿಗೆ ಹೂಡದೆ ದೇವರಿಗೆ ಬಿಟ್ಟ ಈ ಹಿಂಡನ್ನು ಕಾಯುವವನು ಕಿಲಾರಿ. ಮಳೆ ಹೋದ ಒಂದು ವರ್ಷ ನಾನು ವಿದ್ಯಾರ್ಥಿಗಳೊಡನೆ ಅಂಥ ಒಂದು ಹಿಂಡನ್ನು ನೋಡಲು ಹೋಗಿದ್ದೆ. ಹುಡುಗರು ಫೋಟೋ ತೆಗೆಯಬಹುದೇ ಎಂದು ಕೇಳಿದರು. ಕಿಲಾರಿ ಬೇಡವೆನ್ನಲಿಲ್ಲ. ನೋಡಲು ಬರುವವರು ಒಂದೊಂದು ಹೊರೆ ಮೇವು ತಂದರೆ ಎತ್ತು ಬೇಸಗೆ ಕಳೆದೀತೆಂದು ಮಾತ್ರ ಹೇಳಿದ. ಮರುವಾರ ಚಳ್ಳಕೆರೆಯಲ್ಲಿ ಹುಲ್ಲಿನ ಬೆಲೆ ವಿಚಾರಿಸಿದೆವು. ನಮ್ಮ ಚಂದಾಹಣಕ್ಕೆ ಅರ್ಧ ಗಾಡಿಯೂ ಬರಲಿಲ್ಲ.