ಬೂದಿಗುಡ್ಡ, ಮೋರಿಯರ ಮನೆ

ನಮ್ಮೂರು ವಡ್ಡಿನಲ್ಲಿ ಹಳೇ ಕಾಲದ ಮಾತು ತೆಗೆದರೆ ಅದು ಹಂಪಿಗೆ ಹೋಗಿ ನಿಲ್ಲುತ್ತದೆ. ಸಂಡೂರು, ಕಂಪ್ಲಿಯ ಕಡೆಯವರು ಬಹಳವಾದರೆ ಕುಮ್ಮಟದುರ್ಗದ ಕುಮಾರರಾಮನವರೆಗೆ ಹಿಂದಕ್ಕೆ ಹೋಗುತ್ತಾರೆ. ಶಾಲೆಯಲ್ಲಿ ನಾನು ಮಕ್ಕಳಿಗೆ ವಿಜಯನಗರ ಹುಟ್ಟಿದ 1336ರ ಇಸವಿ ಹೇಳುವಾಗ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದೆ: ಈ ಸೀಮೆಯಲ್ಲಿ ಮಣ್ಣಾದವರಲ್ಲಿ ಹಲವರು ಹರಿಹರ ಬುಕ್ಕರಿಗಿಂತ ಮೂರು ಸಾವಿರ ವರ್ಷ ಹಿಂದಿನವರು. ಅವರು ಒಂದಕ್ಷರ ಬರೆದಿಟ್ಟಿಲ್ಲ. ಸತ್ತವರನ್ನು ಎಲ್ಲಿಟ್ಟರು, ಹೇಗಿಟ್ಟರು ಎಂಬುದರಿಂದಲೇ ಅವರ ಬದುಕನ್ನು ಓದಿಕೊಳ್ಳಬೇಕು.

ನಮ್ಮೂರಿಗೆ ಹತ್ತಿರದ್ದು ಕುಡತಿನಿಯ ಬೂದಿಗುಡ್ಡ. ಭೀಮ ಕೊಂದ ರಕ್ಕಸನನ್ನು ಸುಟ್ಟ ಜಾಗ ಅದು ಅನ್ನುವುದು ಹಿರಿಯರ ಮಾತು. ಹಂಪಿಯ ಪಕ್ಕದ ನಿಂಬಾಪುರದ ಬೂದಿರಾಶಿಯನ್ನು ವಾಲಿಯ ಚಿತೆ ಎಂದು ಈಗಲೂ ತೋರಿಸುತ್ತಾರೆ. ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸಿವೆಲ್ ಕೂಡ ಇವು ಸತಿ ಹೋದವರ ಚಿತೆಗಳಿರಬಹುದೆಂದು ಊಹಿಸಿದ್ದ. ಸರಿಯಾದ ಜಾಡು ಹಿಡಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಇದು ಹೆಣದ ಬೂದಿಯಲ್ಲ, ದನಗಳ ಸಗಣಿಯ ಬೂದಿ ಎಂದ. 1957ರಲ್ಲಿ ರೇಮಂಡ್ ಆಲ್ಚಿನ್ ಉಟ್ನೂರಿನ ಇಂಥದೇ ಬೂದಿದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಕಲ್ಲಿನ ಕೊಡಲಿ ಹಿಡಿದ ದನಗಾಹಿಗಳು ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟಿದ್ದರು. ಅಂಥ ಎಷ್ಟೋ ದಿಬ್ಬಗಳ ಬೂದಿ ಗೊಬ್ಬರವಾಗಿ ಹೊಲ ಸೇರಿ ಕರಗಿಹೋಗಿದೆ. ಅದು ನನಗೆ ಸಂಕಟದ ಸಂಗತಿ.

ಹಾಗಾದರೆ ಆ ದನಗಾಹಿಗಳು ತಮ್ಮ ಸತ್ತವರನ್ನು ಏನು ಮಾಡಿದರು? ಉತ್ತರ ಸಿಕ್ಕಿದ್ದು ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ. ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ 1963-64ರಲ್ಲಿ ಅಲ್ಲಿನ ಗುಡ್ಡದ ಮೇಲೆ ಉತ್ಖನನ ನಡೆಸಿದರು. ಗುಂಡನೆಯ ಗುಡಿಸಲುಗಳು, ಅವುಗಳ ಆಸುಪಾಸಿನಲ್ಲೇ ಗೋರಿಗಳು. ಹಸುಗೂಸು ಸತ್ತರೆ ಗಡಿಗೆಯಲ್ಲಿಟ್ಟು ಮನೆಯ ನೆಲದಡಿಯಲ್ಲೇ ಹೂಳುವುದು ದಕ್ಷಿಣದ ನವಶಿಲಾಯುಗದ ಊರುಗಳಲ್ಲಿ ರೂಢಿಯಾಗಿತ್ತು. ಆ ಮನೆಯ ಹೆಂಗಸು ಅದೇ ನೆಲದ ಮೇಲೆ ಒಲೆ ಹೂಡಿರುತ್ತಾಳೆ, ಇನ್ನೊಂದು ಮಗುವನ್ನು ಮಲಗಿಸಿರುತ್ತಾಳೆ. ಸತ್ತ ಕೂಸನ್ನು ಹೊಸ್ತಿಲು ದಾಟಿಸಲು ಅವರಿಗೆ ಮನಸ್ಸು ಬರಲಿಲ್ಲವೆಂದೇ ನನ್ನ ತಿಳಿವಳಿಕೆ.

ಮುಂದೆ ಕಬ್ಬಿಣ ಬಂತು. ಅದರ ಜೊತೆಗೆ ಸತ್ತವರ ಊರು ಬೇರೆಯಾಯಿತು. ಅದನ್ನು ನೋಡಬೇಕೆಂದರೆ ತುಂಗಭದ್ರೆ ದಾಟಿ ಹಿರೇಬೆಣಕಲ್ಲಿಗೆ ಹೋಗಬೇಕು. ಗಂಗಾವತಿಯಿಂದ ಸುಮಾರು 10 ಕಿಲೋಮೀಟರು. ಊರು ಬಿಟ್ಟು ಗುಡ್ಡ ಹತ್ತಬೇಕು, ಕಾಲುದಾರಿ. ಮೇಲೆ ಮಟ್ಟಸವಾದ ಬಯಲಿನಲ್ಲಿ ಕಲ್ಲುಚಪ್ಪಡಿಯ ಮನೆಗಳು ಸಾಲುಗಟ್ಟಿ ನಿಂತಿವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ, ನಾಲ್ಕನೆಯದರಲ್ಲಿ ದುಂಡನೆಯ ಕಿಂಡಿ ಕೊರೆದು, ಮೇಲೊಂದು ಹಾಸುಗಲ್ಲು ಮುಚ್ಚಿದ್ದಾರೆ. ಕೆಲವು ಆಳೆತ್ತರಕ್ಕಿಂತ ಎತ್ತರ. ಕೆಲವು ಬಂಡೆಯ ಸಂದಿಗೆ ಕಲ್ಲು ಜೋಡಿಸಿ ಮಾಡಿದ ಗೂಡುಗಳು. ಚಿಕ್ಕವು, ಬಿದ್ದವು ಎಲ್ಲ ಸೇರಿ ಸುಮಾರು 400 ಎಂದು ಎಣಿಸಿದ್ದಾರೆ. ಕಾಲ ಕ್ರಿ.ಪೂ. 800ರಿಂದ 200ರ ನಡುವೆ. ಕಲ್ಲು ಎಬ್ಬಿಸಿದ ಜಾಗವೇ ಕೆರೆಯಾಗಿ ಅಲ್ಲಿ ನೀರು ನಿಲ್ಲುತ್ತದೆ. ಹತ್ತಿರದ ಗವಿಗಳಲ್ಲಿ ಕೆಂಪು ಕಾವಿಯ ಚಿತ್ರಗಳಿವೆ. ಬಂಡೆಯೊಂದರ ತುದಿಯಲ್ಲಿ ನಗಾರಿಯಾಕಾರದ ಗುಂಡಿದೆ. ಬಡಿದರೆ ಸದ್ದು ಬಯಲು ದಾಟಿ ಕೇಳುತ್ತದೆ. ಯಾರಾದರೂ ತೀರಿಕೊಂಡಾಗ ಅದನ್ನು ಬಾರಿಸಿ ಸುತ್ತಲಿನವರನ್ನು ಕರೆಯುತ್ತಿದ್ದರೇನೋ ಎಂದು ನನಗೆ ಅನ್ನಿಸುತ್ತದೆ.

ಸುತ್ತಲಿನ ಹಳ್ಳಿಯವರು ಇದನ್ನು ಮೋರಿಯರ ಗುಡ್ಡ ಎನ್ನುತ್ತಾರೆ. ಮೋರಿಯರು ಮೂರಡಿ ಎತ್ತರದ ಕುಳ್ಳರು, ಅದಕ್ಕೇ ಇಷ್ಟು ಸಣ್ಣ ಮನೆ, ಇಷ್ಟು ಸಣ್ಣ ಬಾಗಿಲು ಎಂಬುದು ಅವರ ವಿವರಣೆ. ಹೀಗೆ ನಮ್ಮ ಸೀಮೆಯ ಜನ ದನದ ದೊಡ್ಡಿಯನ್ನು ಸ್ಮಶಾನವೆಂದು, ಸ್ಮಶಾನವನ್ನು ಮನೆಯೆಂದು ನಂಬಿಕೊಂಡು ಬಂದರು. ಆದರೆ ಎರಡನೆಯ ನಂಬಿಕೆಯಲ್ಲಿ ಸತ್ಯವಿದೆ. ಕಟ್ಟಿದವರು ಸತ್ತವರಿಗೆ ಮನೆಯನ್ನೇ ಕಟ್ಟಿದ್ದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇಂಥದೇ ಕಿಂಡಿಯ ಕಲ್ಲುಗೋರಿಗಳನ್ನು ತೆರೆದಾಗ ಒಂದೊಂದರಲ್ಲಿ ಹಲವರ ಮೂಳೆಗಳಿದ್ದವು. ದೇಹವನ್ನು ಮೊದಲು ಬೇರೆಡೆ ಇಟ್ಟು, ಮೂಳೆಯಷ್ಟೇ ಉಳಿದ ಮೇಲೆ ಆಯ್ದು ತಂದು ಒಳಗಿಡುತ್ತಿದ್ದರು. ಜೊತೆಗೆ ಕಪ್ಪು-ಕೆಂಪು ಮಡಿಕೆ, ಕಬ್ಬಿಣದ ಆಯುಧ. ಒಬ್ಬರ ಹಿಂದೆ ಒಬ್ಬರು ಬಂದು ಸೇರುವ ಮನೆ ಅದು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ, ನಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೊಳದಲ್ಲಿ ಅಶೋಕನ ಶಾಸನ ಕೆತ್ತುವ ಹೊತ್ತಿಗೆ ಈ ಪದ್ಧತಿಗೆ ಆಗಲೇ ಶತಮಾನಗಳ ವಯಸ್ಸಾಗಿತ್ತು.

ಸಂಡೂರಿನ ಗುಡ್ಡದ ಅದಿರು ಇಂದು ತೋರಣಗಲ್ಲಿನ ಕುಲುಮೆ ಸೇರುವುದನ್ನು ದಿನಾ ನೋಡುವ ನಮಗೆ, ಸತ್ತವನ ಪಕ್ಕ ಕಬ್ಬಿಣದ ಬಾಣವಿಟ್ಟವರು ಅಪರಿಚಿತರಾಗಬಾರದು. ನಮ್ಮಲ್ಲಿ ಇವತ್ತಿಗೂ ಎಷ್ಟೋ ಮನೆತನದವರು ಹಿರಿಯರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಲಿಂಗಾಯತರು ದೇಹವನ್ನು ಕೂರಿಸಿ, ಕುಣಿಯೊಳಗೆ ಗೂಡು ತೆಗೆದು, ವಿಭೂತಿ ತುಂಬಿ ಮುಚ್ಚುತ್ತಾರೆ. ಮೂರನೇ ದಿನ ಗೋರಿಗೆ ಹಾಲು ತುಪ್ಪ ಬಿಡುತ್ತಾರೆ. ಇವೆಲ್ಲ ನೇರವಾಗಿ ಮೋರಿಯರಿಂದ ಬಂದವು ಎಂದು ನಾನು ಹೇಳುವುದಿಲ್ಲ, ಅದಕ್ಕೆ ಆಧಾರವಿಲ್ಲ. ಆದರೆ ಸತ್ತವರಿಗೆ ನೆಲದಲ್ಲಿ ಒಂದು ಜಾಗ ಬೇಕು, ಅಲ್ಲಿಗೆ ನಾವು ಹೋಗಿ ಬರುತ್ತಿರಬೇಕು ಎಂಬ ಭಾವ ಈ ಸೀಮೆಗೆ ಬಹಳ ಹಳೆಯದು.

ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದೆ. ಪಟ್ಟಿ ಸೇರಿದ ಮಾತ್ರಕ್ಕೆ ಕಲ್ಲು ಉಳಿಯುವುದಿಲ್ಲ. ನಿಧಿಯಾಸೆಗೆ ಬಿದ್ದವರು ಎಷ್ಟೋ ಗೋರಿಗಳನ್ನು ಕೆಡವಿದ್ದಾರೆ. ಅಲ್ಲಿರುವುದು ಮೂಳೆ, ಮಡಿಕೆ, ತುಕ್ಕು ಹಿಡಿದ ಕಬ್ಬಿಣ, ಹೊನ್ನಿನ ಕೊಪ್ಪರಿಗೆಯಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರಿನ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ: ಮಕ್ಕಳನ್ನು ಹಂಪಿಗೆ ಕರೆದೊಯ್ಯುವ ವರ್ಷ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ, ಬೆಳಗಾಗುತ್ತಲೇ ಗುಡ್ಡ ಹತ್ತಿಸಿ, ನೀರು ಜೊತೆಗಿರಲಿ. ಗೋರಿಯ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ ಎಂದು ಕೆಳಗೇ ಹೇಳಿ ಕರೆದೊಯ್ಯಿರಿ.