ಊರು ಅಲ್ಲೇ, ವಿಳಾಸ ಮಾತ್ರ ಬೇರೆ!

ಹರಪನಹಳ್ಳಿಯಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರನ್ನು ಕಲ್ಪಿಸಿಕೊಳ್ಳಿ. ಹುಟ್ಟಿದ ಮನೆ ಬಿಟ್ಟು ಕದಲಿಲ್ಲ. ಆದರೂ ಅವರ ವಿಳಾಸ ಐದು ಸಲ ಬದಲಾಗಿದೆ!

ಅವರು ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆಲೂರು, ಆದವಾನಿ, ರಾಯದುರ್ಗ ಆ ಕಡೆ ಹೋದವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಮೈಸೂರು ರಾಜ್ಯಕ್ಕೆ ಬಂದವು. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಆಯ್ತು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ!

ಇದರಿಂದ ಪೇಚಿಗೆ ಸಿಕ್ಕವರು ಪತ್ರಿಕೆಯ ಚಂದಾದಾರರು. ನಮ್ಮ ಕಡೆ ಪತ್ರಿಕೆ ನಂಟು ಇವತ್ತಿನದಲ್ಲ. 1843ರ ಜುಲೈನಲ್ಲಿ ಮೋಗ್ಲಿಂಗ್ ಶುರು ಮಾಡಿದ 'ಮಂಗಳೂರ ಸಮಾಚಾರ' ಮರುವರ್ಷವೇ 'ಕನ್ನಡ ಸಮಾಚಾರ' ಅಂತ ಹೆಸರು ಬದಲಿಸಿಕೊಂಡು ಬಳ್ಳಾರಿಯಲ್ಲಿ ಅಚ್ಚಾಯಿತು. ನೋಡಿ, ಕನ್ನಡದ ಮೊದಲ ಪತ್ರಿಕೆಯೇ ವಿಳಾಸ ಬದಲಿಸಿ ನಮ್ಮ ಜಿಲ್ಲೆಗೆ ಬಂದಿತ್ತು!

ಆಮೇಲಿನ ಕಾಲದಲ್ಲಿ ಚಂದಾ ಅಂದರೆ ಮನಿಯಾರ್ಡರು. ಅದರ ಕೂಪನ್ನಿನಲ್ಲಿ ಹೆಸರು, ಚಂದಾ ನಂಬರು ಬರೆಯಬೇಕು. ಪತ್ರಿಕೆ ಸುತ್ತಿದ ಕಾಗದದ ಮೇಲೆ ಅದೇ ನಂಬರು ಇರುತ್ತಿತ್ತು. ನವೀಕರಣ ಆಗಲಿ, ವಿಳಾಸ ಬದಲಾವಣೆ ಆಗಲಿ, ಆ ನಂಬರು ಇಲ್ಲದ ಕಾರ್ಡಿಗೆ ಬೆಲೆ ಕಡಿಮೆ. ಒಂದೇ ಊರಲ್ಲಿ ಎಷ್ಟು ಜನ ಕೊಟ್ರೇಶಿ, ಎಷ್ಟು ಜನ ಬಸಪ್ಪ!

1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂತು. ಮೊದಲ ಮೂರು ಅಂಕಿ ಟಪಾಲು ವಿಂಗಡಿಸುವ ವಿಭಾಗದ್ದು, ಕೊನೆಯ ಮೂರು ಅಂಚೆ ಕಚೇರಿಯದ್ದು. ಕೂಡ್ಲಿಗಿ 583135, ಕೊಟ್ಟೂರು 583134, ಹಗರಿಬೊಮ್ಮನಹಳ್ಳಿ 583212, ಹೂವಿನ ಹಡಗಲಿ 583219, ಹರಪನಹಳ್ಳಿ 583131. ದಾವಣಗೆರೆಯದು 577ರಿಂದ ಶುರು. ಆದರೆ ದಾವಣಗೆರೆ ಜಿಲ್ಲೆಯಲ್ಲಿದ್ದ ಇಪ್ಪತ್ತೊಂದು ವರ್ಷವೂ ಹರಪನಹಳ್ಳಿಯ ಪಿನ್ ಬಳ್ಳಾರಿ ಕಡೆಯದೇ ಆಗಿತ್ತು. ಸರ್ಕಾರ ಜಿಲ್ಲೆ ಬದಲಿಸಿತು, ಅಂಚೆಯವರು ಬದಲಿಸಲಿಲ್ಲ.

ಆ ದಿನಗಳಲ್ಲಿ ನಮ್ಮ ನೆಂಟರ ಮನೆಗೆ ಬರುತ್ತಿದ್ದ ಒಂದು ಮಾಸಪತ್ರಿಕೆ ದಿಢೀರಂತ ನಿಂತಿತು. ವಿಚಾರಿಸಿದರೆ, ಕಚೇರಿಯಲ್ಲಿ ಯಾರೋ 'ದಾವಣಗೆರೆ ಜಿಲ್ಲೆ' ನೋಡಿ 583 ಅಳಿಸಿ 577 ಮಾಡಿದ್ದರು! ಅವರ ಲೆಕ್ಕದಲ್ಲಿ ಅದು ತಿದ್ದುಪಡಿ. ಇವರಿಗೆ ಮೂರು ಸಂಚಿಕೆ ನಷ್ಟ.

ಪತ್ರಿಕೆ ಹೋದರೆ ಹೋಯ್ತು ಅನ್ನಬಹುದು. ಆದರೆ ಜಿಲ್ಲೆಯ ಹೆಸರಿಗೆ ಇನ್ನೂ ದೊಡ್ಡ ಬೆಲೆ ಇತ್ತು. 371(ಜೆ) ಸೌಲಭ್ಯ ಬಳ್ಳಾರಿ ಜಿಲ್ಲೆಗೆ ಸಿಕ್ಕಾಗ, ದಾವಣಗೆರೆಯಲ್ಲಿದ್ದ ಹರಪನಹಳ್ಳಿಯ ಹುಡುಗರು ಸೀಟು, ನೌಕರಿಯ ಮೀಸಲಾತಿಯಿಂದ ಹೊರಗುಳಿದರು. 2018ರಲ್ಲಿ ಬಳ್ಳಾರಿಗೆ ಮರಳಿದ್ದರ ಹಿಂದೆ ಇದ್ದದ್ದು ಇದೇ ಕೂಗು. ಪಟ್ಟಿಯಲ್ಲಿ ಹೆಸರು ಎಲ್ಲಿದೆ ಅನ್ನುವುದರ ಮೇಲೆ ಬದುಕು ನಿಂತಿರುತ್ತೆ.

ಈಗ ಚಂದಾ ಕಟ್ಟೋದು, ವಿಳಾಸ ಬದಲಿಸೋದು ಎಲ್ಲಾ ಮೊಬೈಲಿನಲ್ಲೇ. ಆದರೂ ಹಳೇ ಪಟ್ಟಿಗಳಲ್ಲಿ ಹಳೇ ಜಿಲ್ಲೆ ಉಳಿದಿರಬಹುದು. ಒಮ್ಮೆ ನೋಡಿ ತಿದ್ದಿಕೊಳ್ಳಿ. ಜಿಲ್ಲೆ ವಿಜಯನಗರ. ಪಿನ್ ಮಾತ್ರ ಮುಟ್ಟಬೇಡಿ... ಅದು ನಮ್ಮ ಅಜ್ಜನ ಹಾಗೆ, ಜಾಗ ಬಿಟ್ಟು ಕದಲಿಲ್ಲ!